ಹವಾಲ್ದಾರನ ಉಣ್ಣಿಯೂ ಮಾವನವರ ಮಗ್ಗವೂ

ಮೊನ್ನೆ ಬಾದಾಮಿ ಬಸ್ ನಿಲ್ದಾಣದಲ್ಲಿ ಕುಳಿತಿದ್ದಾಗ ನನ್ನ ಮರ್ಯಾದೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಗುಳೇದಗುಡ್ಡದ ಬಸ್ಸು ಇನ್ನೂ ಬಂದಿರಲಿಲ್ಲ. ಪಕ್ಕದ ಬೆಂಚಿನ ಮೇಲೆ ಗುಹೆ ನೋಡಲು ಬಂದಿದ್ದ ದೊಡ್ಡ ಊರಿನ ಗಂಡ ಹೆಂಡತಿ ಇದ್ದರು. ಹೆಂಡತಿಯ ತೊಡೆಯ ಮೇಲೆ ಹತ್ತಿಯ ಉಂಡೆಯಂಥ ಬಿಳಿ ನಾಯಿ. ನಾನು ಆಕೆಯ ಜೊತೆ ಊರು, ಬಿಸಿಲು, ಮಂಗಗಳ ಕಾಟ ಎಂದು ಏನೇನೋ ಮಾತಾಡುತ್ತಿದ್ದೆ. ನನ್ನ ಕೈ ಮಾತ್ರ ನನ್ನನ್ನು ಕೇಳದೆ ಹೋಗಿ ಆ ನಾಯಿಯ ಕಿವಿ ಮಗುಚಿ ಒಳಗೆ ತಡವುತ್ತಿತ್ತು. ಆಕೆ ಗಾಬರಿಯಾಗಿ ನಾಯಿಯನ್ನು ಎದೆಗೆ ಅವುಚಿಕೊಂಡಳು.

"ಏನಿಲ್ರಿ, ಉಣ್ಣಿ ಅದಾವೇನು ಅಂತ ನೋಡಿದೆ," ಎಂದೆ.

"ನಮ್ಮ ಬಬ್ಲೂಗೆ ಅಂಥದ್ದೆಲ್ಲ ಇರಲ್ಲ," ಎಂದು ಆಕೆ ಮುಖ ತಿರುಗಿಸಿದಳು.

ನಾನು ಬೆರಳು ಮುಂದೆ ಮಾಡಿದೆ. ಅದರ ತುದಿಯಲ್ಲಿ ಎಳ್ಳಿನಷ್ಟು ಉಣ್ಣಿಯೊಂದು ಕಾಲಾಡಿಸುತ್ತಿತ್ತು. ಬಸ್ಸು ಬರುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ನನ್ನ ಶಿಷ್ಯರಾಗಿದ್ದರು. ಗಂಡನಂತೂ ನಾನು ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡ.

ನಾನು ಗಿರಿಜಾ, ದರ್ಜಿ. ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುವ ಸಣ್ಣ ಅಂಗಡಿ ನನ್ನದು. ನನ್ನ ಕಸುಬಿನ ಹೆಂಗಸರಿಗೆ ಎದುರಿಗಿದ್ದವರ ಸೆರಗು ಮುಟ್ಟಿ ನೋಡುವ ಚಟ ಇರುತ್ತದೆ. ನನಗೆ ನಾಯಿಯ ಕಿವಿ ಮುಟ್ಟಿ ನೋಡುವ ಚಟ. ಬೀಗರ ಮನೆಗೆ ಹೋದರೂ ಮೊದಲು ಅವರ ನಾಯಿಯನ್ನು ಮಾತಾಡಿಸಿ, ಕಾಲ್ಬೆರಳ ಸಂದಿ ಬಿಡಿಸಿ ನೋಡಿ, ಆಮೇಲೆ ಬೀಗತಿಯನ್ನು ಮಾತಾಡಿಸುತ್ತೇನೆ. "ನಿನ್ನ ಕರಕೊಂಡು ಎಲ್ಲಿ ಹೋಗೂದೂ ತ್ರಾಸ ನೋಡು," ಎನ್ನುತ್ತಾರೆ ನಮ್ಮ ಮನೆಯವರು. ಅವರು ಬಸ್ ಕಂಡಕ್ಟರು. ದಿನವಿಡೀ ಜನರ ಚೀಲ ತಡವುತ್ತಾರೆ, ನಾನು ನಾಯಿಗಳ ಕಿವಿ ತಡವಿದರೆ ಏನು ತಪ್ಪೋ ನನಗೆ ತಿಳಿಯದು.

ಉಣ್ಣಿಯ ಜೊತೆ ನನ್ನದು ಹಳೆಯ ಪರಿಚಯ. ತವರುಮನೆ ಹುನಗುಂದದ ಕಡೆಯದು. ಅಲ್ಲಿ ನಮಗೊಂದು ಎಮ್ಮೆ ಇತ್ತು. ಸಂಜೆ ಶಾಲೆಯಿಂದ ಬಂದ ಮೇಲೆ ಅದರ ಕೆಚ್ಚಲ ಹತ್ತಿರದ ಉಣ್ಣಿ ಬಿಡಿಸುವುದು ನನ್ನ ಪಾಲಿನ ಕೆಲಸ. ಬಿಡಿಸಿದ್ದನ್ನು ಹಿಂದಕ್ಕೆ ಎಸೆದರೆ ಸಾಕು, ಕೆಳಗೆ ಬೀಳುವ ಮೊದಲೇ ಕೋಳಿಗಳು ಹಾರಿ ಹಿಡಿಯುತ್ತಿದ್ದವು. ನಮ್ಮ ಅಜ್ಜಿ ಎಣ್ಣೆ ತೆಗೆಯಲೆಂದು ಔಡಲ ಬೀಜಗಳನ್ನು ಅಂಗಳದಲ್ಲಿ ಹರಡಿ ಒಣಗಿಸುತ್ತಿದ್ದಳು. ರಕ್ತ ಕುಡಿದು ಊದಿದ ಉಣ್ಣಿಗೂ ಔಡಲ ಬೀಜಕ್ಕೂ ನೋಡಲು ಅಂಥ ವ್ಯತ್ಯಾಸವೇನಿಲ್ಲ. ಒಂದು ಸಲ ನನ್ನ ಕೈ ತಪ್ಪಿ ಬಿದ್ದ ದೊಡ್ಡ ಉಣ್ಣಿಯನ್ನು ಅಜ್ಜಿ ಬೀಜವೆಂದು ಎತ್ತಿ ರಾಶಿಯೊಳಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅದು ರಾಶಿಯಿಂದ ಇಳಿದು ಹೊರಟಿತು. "ಏ ಹುಡುಗಿ, ಬೀಜಕ್ಕ ಕಾಲ ಬಂದಾವ ನೋಡು ಬಾ!" ಎಂದು ಅಜ್ಜಿ ಕೂಗಿದ್ದು ಓಣಿಗೆಲ್ಲ ಕೇಳಿಸಿತ್ತು. ಹೀಗಾಗಿ ಉಣ್ಣಿ ಎಂದರೆ ನನಗೆ ನಗು ಬರುವ ವಿಷಯವಾಗಿತ್ತು. ಅದು ಮನೆ ಹೊಕ್ಕರೆ ಏನಾಗುತ್ತದೆ ಎಂಬುದನ್ನು ಗಂಡನ ಮನೆಗೆ ಬಂದು ಎಷ್ಟೋ ವರ್ಷವಾದ ಮೇಲೆ ಕಲಿತೆ.

ಕಲಿಸಿದವನು ಹವಾಲ್ದಾರ. ನಮ್ಮ ಮನೆಯವರು ಬಾದಾಮಿಯಿಂದ ಕೊನೆಯ ಟ್ರಿಪ್ಪು ಮುಗಿಸಿ ಬರುವಾಗ ಸೀಟಿನ ಕೆಳಗೆ ಸಿಕ್ಕ ಮರಿ. ಟಿಕೆಟ್ ಇಲ್ಲದೆ ಬಂದ ಪ್ರಯಾಣಿಕನೆಂದು ಮನೆಗೆ ಎತ್ತಿಕೊಂಡು ಬಂದರು. ಕಂದು ಬಣ್ಣ, ಒಂದು ಕಿವಿ ಎದ್ದು ನಿಂತದ್ದು, ಇನ್ನೊಂದು ಬಿದ್ದದ್ದು. ಬಾಗಿಲಲ್ಲಿ ಎದೆ ಸೆಟೆಸಿ ನಿಲ್ಲುವ ಠೀವಿ ನೋಡಿ ಹವಾಲ್ದಾರ ಎಂದು ಹೆಸರಿಟ್ಟೆವು. ಸಂಜೆ ನಾನು ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ಕದದ ಮುಂದೆ ನಿಂತಿರುತ್ತಿದ್ದ. ನನ್ನ ಮುಂದೆ ಮುಂದೆ ನಡೆದು ಮನೆ ಮುಟ್ಟಿಸುತ್ತಿದ್ದ. ದಿನವಿಡೀ ಊರ ಹೆಂಗಸರ ಅಳತೆ ತೆಗೆದು, ಅವರ ದೂರು ಕೇಳಿ ಸುಸ್ತಾದವಳಿಗೆ ಆ ದಾರಿ ನಡಿಗೆಯೇ ವಿಶ್ರಾಂತಿ. ನಾನು ಹೇಳಿದ್ದಕ್ಕೆ ಎದುರು ಹೇಳದೆ ಕೇಳುವ ಜೀವ ಆ ಮನೆಯಲ್ಲಿ ಅವನೊಬ್ಬನೇ ಇದ್ದ. ಅವನೆಂದರೆ ನನಗೆ ಪ್ರಾಣ.

ಆದರೆ ಹಗಲಿನಲ್ಲಿ ಅವನಿಗೆ ನಾನು ಬೇಡ. ಹಗಲಿಗೆ ಅವನ ಠಾಣೆ ನಮ್ಮ ಮಾವನವರ ಮಗ್ಗದ ಕುಣಿ.

ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ, ಮೇಲೆ ಲಾಳಿ ಓಡಿಸುತ್ತ ನೇಯಬೇಕು. ಕುಣಿಯ ಗೋಡೆಗೆ ಒರಟು ಕಲ್ಲು, ಕಲ್ಲಿನ ನಡುವೆ ಮಣ್ಣು. ಮಾವನವರ ಅಪ್ಪ ಕಟ್ಟಿಸಿದ್ದು. ಬೇಸಿಗೆಯಲ್ಲೂ ಒಳಗೆ ತಂಪು. ಮಾವನವರ ಕಾಲ ಪಕ್ಕ ಒಂದು ನಾಯಿ ಮುದುರಿ ಮಲಗುವಷ್ಟು ಜಾಗ. ಮಾವನವರಿಗೆ ನಾಯಿ ಕಂಡರೆ ಆಗದು ಎಂದು ಅವರೇ ಎಲ್ಲರ ಮುಂದೆ ಹೇಳುತ್ತಿದ್ದರು. "ನಾ ಏನ್ ಕರದೇನೇನು? ತಾನ ಬಂದು ಬೀಳ್ತೈತಿ," ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಖಣದ ವ್ಯಾಪಾರಿ ಮೈಬೂಬಸಾಬರು ಒಂದು ಬಟ್ಟೆ ಹಿಡಿದುಕೊಂಡು ಬಂದರು. ಮಾವನವರಿಗಿಂತ ಸಣ್ಣವರು, ಮಾತಿನಲ್ಲಿ ಬೆಣ್ಣೆ. ಮಾವನವರು ನೇಯ್ದ ಖಣವನ್ನು ಮುಂದೆ ಹರಡಿ ಒಂದು ಕಡೆ ಬೆರಳಿಟ್ಟರು.

"ಕಾಕಾ, ಈ ಬುಟ್ಟಾ ಹೊಸಾದೇನ್ರಿ? ನಾ ಹೇಳಿದ್ದಿಲ್ಲಲ್ಲ?"

ಹಸಿರು ಬಟ್ಟೆಯ ಮೇಲೆ ಕಡುಕೆಂಪಿನ ಒಂದು ಚುಕ್ಕೆ. ಮಾವನವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. ಉಣ್ಣಿ. ನೂಲಿನ ಮೇಲೆ ಹತ್ತಿ ಹೊರಟಿದ್ದ ಉಣ್ಣಿಯನ್ನು ಸೇರಿಸಿಯೇ ನೇಯ್ದುಬಿಟ್ಟಿದ್ದರು. ಮೈಬೂಬಸಾಬರು ಜೋರು ಮಾಡಲಿಲ್ಲ, ಚಹಾ ಕುಡಿದು, ಬಟ್ಟೆ ಬಿಟ್ಟು ಹೋದರು. ಜೋರು ಮಾಡಿದ್ದರೆ ಚೆನ್ನಾಗಿತ್ತು. ಮಾವನವರ ಕೈಯಿಂದ ಹೋದ ಬಟ್ಟೆ ಅವರ ಜೀವಮಾನದಲ್ಲಿ ತಿರುಗಿ ಬಂದಿರಲಿಲ್ಲ. ಅವರು ಆ ಹೊತ್ತು ಊಟ ಬಿಟ್ಟರು. ಸಂಜೆ ನನ್ನನ್ನೂ ಅತ್ತೆಯವರನ್ನೂ ಕರೆದು ತೀರ್ಪು ಹೇಳಿದರು.

"ಮಗ್ಗದ ಮ್ಯಾಲಿನ ಈ ಹಾಸು ಮುಗಿಯೂತನಕ ಟೈಮ್ ಕೊಡ್ತೇನಿ. ಹೊಸಾ ಹಾಸು ಏರಸೂ ದಿನಾ ನಮ್ಮ ಸಂಗಪ್ಪ ಕಮತಗಿಯಿಂದ ಬಂದು ನಾಯಿ ಒಯ್ತಾನ. ಅವಂಗ ಕುರಿ ಕಾಯಾಕ ನಾಯಿ ಬೇಕಾಗೇತಂತ."

ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಸಂಗಪ್ಪ ಎಂದರೆ ಮಾವನವರ ತಮ್ಮ. ಕೆಟ್ಟವರೇನಲ್ಲ. ಆದರೆ ಮಗ್ಗದ ಹಲಗೆಯ ತಾಳ ಕೇಳುತ್ತ ಮಲಗುವ ನಾಯಿ ಕುರಿದೊಡ್ಡಿಯಲ್ಲಿ ಸರಪಳಿಯಲ್ಲಿ ನಿಲ್ಲುವುದೆಂದರೆ ನಾನು ಒಪ್ಪುವ ಮಾತಲ್ಲ.

"ಆ ಹಾಸು ಮುಗಿಯೂದ್ರಾಗ ಈ ಮನ್ಯಾಗ ಒಂದ ಉಣ್ಣಿ ಉಳಿಯಾಕಿಲ್ರಿ ಮಾವಾರ. ಉಳದ್ರ ನಾನ ಹವಾಲ್ದಾರನ್ನ ಬಸ್ ಹತ್ತಸ್ತೇನಿ," ಎಂದುಬಿಟ್ಟೆ.

ಹೇಳುವಾಗ ಧೈರ್ಯವಿತ್ತು. ಉಣ್ಣಿ ಹೇಗೆ ಓಡಿಸಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ದರ್ಜಿ ಅಂಗಡಿಯಲ್ಲಿ ಒಂದು ಕಷ್ಟ ಹೇಳಿಕೊಂಡರೆ ಅಳತೆಗೆ ಬಂದ ಪ್ರತಿ ಹೆಂಗಸೂ ಒಂದು ಔಷಧಿ ಕೊಡುತ್ತಾಳೆ. ಒಬ್ಬಳು ಬೇವಿನ ಸೊಪ್ಪು ಎಂದಳು, ಕುದಿಸಿ ಎರೆದೆ. ಹವಾಲ್ದಾರ ಹಸಿರಾದ, ಉಣ್ಣಿ ಕಂದಾಗಿಯೇ ಉಳಿದವು. ಒಬ್ಬಳು ಅರಿಸಿನ ಎಂದಳು, ಹಚ್ಚಿದೆ. ಮದುಮಗನಂತೆ ಓಣಿಯಲ್ಲಿ ತಿರುಗಿದ. ಇನ್ನೊಬ್ಬಳು ಚಿಮಣಿ ಎಣ್ಣೆ ಎಂದಾಗ ಅದರ ವಾಸನೆ ನನಗೇ ಆಗದೆಂದು ಬಿಟ್ಟೆ. ಕೊನೆಗೆ ಒಬ್ಬಳ ಮಾತು ಕೇಳಿ ತಂಬಾಕು ನೆನೆಸಿದ ನೀರು ಸವರಿದೆ. ಅವನು ಮೈ ನೆಕ್ಕಿಕೊಂಡ. ಸ್ವಲ್ಪ ಹೊತ್ತಿನಲ್ಲೇ ಬಾಯಿಂದ ಜೊಲ್ಲು, ಕಾಲು ಕುಡಿದವನ ಹಾಗೆ. ನಡೆಯಲಾರದವನನ್ನು ಸೀರೆಯ ಸೆರಗಿನಲ್ಲಿ ಕಟ್ಟಿ, ಆಟೋ ಹಿಡಿದು ದನದ ದವಾಖಾನೆಗೆ ಓಡಿದೆ.

ಅಲ್ಲಿಯ ಡಾಕ್ಟರು ಮೈಸೂರು ಕಡೆಯ ಹೆಣ್ಣುಮಗಳು. ಪುಸ್ತಕದ ಹಾಗೆ ಮಾತಾಡುತ್ತಾಳೆ, ಬೈದರೂ ಭಾಷಣ ಕೇಳಿದ ಹಾಗಿರುತ್ತದೆ. ಅವನ ಮೈ ತೊಳೆಸಿ, ಸೂಜಿ ಕೊಟ್ಟು, ಅವನು ಕಣ್ಣು ತೆರೆದ ಮೇಲೆ ನನ್ನ ಕಡೆ ತಿರುಗಿದಳು.

"ತಂಬಾಕು ವಿಷ ಕಣಮ್ಮ. ಸೀಮೆಎಣ್ಣೆಯೂ ವಿಷವೇ. ಉಣ್ಣಿ ಸಾಯುವ ಮುಂಚೆ ನಾಯಿ ಸಾಯುತ್ತೆ. ಇನ್ನು ಮುಂದೆ ಯಾರ ಮಾತೂ ಕೇಳಬೇಡಿ."

ನಾಯಿಯ ತೂಕ ನೋಡಿ ಒಂದು ಸಣ್ಣ ಕೊಳವೆ ಕೊಟ್ಟಳು. ಕುತ್ತಿಗೆಯ ಹಿಂದೆ, ಅವನ ನಾಲಿಗೆ ತಲುಪದ ಕಡೆ, ಕೂದಲು ಬಿಡಿಸಿ ಚರ್ಮದ ಮೇಲೆ ಬಿಡಬೇಕು. ಅದು ತಾನೇ ಮೈಗೆಲ್ಲ ಹರಡುತ್ತದೆ. ಹಾಕಿದ ಮೇಲೆ ಕೆಲವು ದಿನ ಸ್ನಾನ ಮಾಡಿಸಬಾರದು. ಉಣ್ಣಿ ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೆಟ್ಟಗೆ ಎಳೆಯಬೇಕು, ಬೆರಳಿನಿಂದ ಹಿಸುಕಬಾರದು. ಹೊಲಿಗೆ ಬಿಚ್ಚುವ ಕೈ ನನ್ನದು, ಚಿಮಟದ ಕೆಲಸ ನನಗೆ ನೀರು ಕುಡಿದಷ್ಟು ಸುಲಭ. ಸಾಬೂನು ನೀರಿನ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ಭಾನುವಾರ ಅಂಗಡಿ ಮುಚ್ಚಿದ ಮೇಲೆ ಎಲ್ಲ ಉಣ್ಣಿ ತೆಗೆದು ಔಷಧಿ ಹಾಕಿದೆ. ಗೆದ್ದೆ ಎಂದುಕೊಂಡೆ.

ಗೆಲ್ಲಲಿಲ್ಲ. ಉಣ್ಣಿ ಮೊದಲಿನ ಹಾಗೇ ಇದ್ದವು. ಮೇಲಿಂದ ಚಿಗಟವೂ ಬಂದು ಸೇರಿಕೊಂಡವು. ಅತ್ತ ಮಗ್ಗದ ಮೇಲೆ ಹಾಸು ಕರಗುತ್ತ ಬರುತ್ತಿತ್ತು. ನಾನು ಅಂಗಡಿಯಿಂದ ಬಂದ ಕೂಡಲೇ ಮೊದಲು ನಾಯಿಯನ್ನಲ್ಲ, ಮಗ್ಗವನ್ನು ನೋಡುವುದಾಯಿತು. ತಿಂಗಳು ತುಂಬುವವರೆಗೆ ಹೇಗೋ ತಡೆದು, ಜಗಳ ಮಾಡಲೆಂದೇ ಹವಾಲ್ದಾರನನ್ನು ಎಳೆದುಕೊಂಡು ದವಾಖಾನೆಗೆ ಹೋದೆ.

"ಡಾಕ್ಟರ, ನೀವು ಕೊಟ್ಟಿದ್ದು ಔಷಧನೋ, ಬರೇ ನೀರೋ?"

"ಹಾಕಿದ ಮೇಲೆ ಸ್ನಾನ ಮಾಡಿಸಿದ್ರಾ?"

"ಇಲ್ರಿ! ದೇವರಾಣಿ ಇಲ್ಲ."

ಡಾಕ್ಟರು ಬಗ್ಗಿ ನಾಯಿಯ ಕುತ್ತಿಗೆ ಮೂಸಿದಳು. "ಮತ್ತೆ ಶೀಗೆಕಾಯಿ ವಾಸನೆ ಯಾಕಮ್ಮ ಬರ್ತಾ ಇದೆ?"

ಔಷಧಿ ಹಾಕಿದ್ದು ಭಾನುವಾರವಾದ್ದರಿಂದ, ಅದಕ್ಕೆ ಉತ್ತರ ಹುಡುಕಲು ಮುಂದಿನ ಸೋಮವಾರ ಅಂಗಡಿಯ ಕದ ತೆರೆದ ಹಾಗೆ ಮಾಡಿ ತಿರುಗಿ ಮನೆಗೆ ಬಂದೆ. ಬಚ್ಚಲಲ್ಲಿ ಹವಾಲ್ದಾರ ಕಣ್ಣು ಮುಚ್ಚಿ ನಿಂತಿದ್ದ. ಮೈಯೆಲ್ಲ ನೊರೆ. ನಮ್ಮ ಅತ್ತೆಯವರು ಸೀರೆ ಎತ್ತಿ ಕಟ್ಟಿ, ಚೊಂಬಿನಿಂದ ಬಿಸಿನೀರು ಹೊಯ್ಯುತ್ತಿದ್ದರು.

"ಅತ್ತಿಯಾರ! ಏನ್ ಮಾಡಾಕತ್ತೀರಿ?"

"ಕಾಣವಲ್ದೇನು? ಎರಿಯಾಕತ್ತೇನಿ. ಸೋಮಾರ ಐತಿ. ಮನಿ ಮಂದೆಲ್ಲಾ ಮೈ ತೊಳಕೊಂಡು ಪೂಜಿಗೆ ಕುಂದ್ರೂ ಮುಂದ ಇಂವ ಒಬ್ಬಾವ ಹಂಗ ಒಳಗ ಅಡ್ಯಾಡಿದ್ರ ಹೆಂಗ?"

"ತಿಂಗಳ ಹಿಂದ ಕುತ್ತಿಗಿ ಮ್ಯಾಲ ಔಷಧಾ ಹಾಕಿದ್ನಿರಿ. ಮರುದಿನಾನ ಅದನ್ನೂ ತೊಳದ್ರೇನು?"

"ಹೌದ? ಅದು ಔಷಧನ? ಎಂಥಾದೋ ಜಿಡ್ಡು ಅಂತ ಎರಡ ಸಲಾ ಶೀಗಿಕಾಯಿ ಹಚ್ಚಿ ತಿಕ್ಕೀನಲ್ಲ!"

ನಮ್ಮ ಅತ್ತೆಯವರು ಪ್ರತಿ ಸೋಮವಾರ ಲಿಂಗಪೂಜೆಗೆ ಕುಳಿತುಕೊಳ್ಳುವ ಮೊದಲು ಮನೆಯ ಹೊಸ್ತಿಲು, ಕಂಬ, ಮಗ್ಗದ ಹಲಗೆ, ನಾಯಿ, ಎಲ್ಲವನ್ನೂ ತೊಳೆಯುತ್ತಾರಂತೆ. ತೊಳೆದು ನಾಯಿಯ ಹಣೆಗೆ ಮೂರು ಬೆರಳು ವಿಭೂತಿ ಎಳೆಯುತ್ತಾರಂತೆ. ಸಂಜೆ ನಾನು ಬರುವ ಹೊತ್ತಿಗೆ ಅವನು ಅದನ್ನು ಎಲ್ಲೆಲ್ಲೋ ಒರೆಸಿಕೊಂಡಿರುತ್ತಾನೆ. ನಾನು ಭಾನುವಾರ ಹಾಕಿದ್ದನ್ನು ಅತ್ತೆಯವರು ಸೋಮವಾರ ತೊಳೆದಿದ್ದರು. ಇಬ್ಬರದೂ ಭಕ್ತಿಯೇ, ಯಾರನ್ನು ಬೈಯುವುದು?

ಔಷಧಿ ಮತ್ತೆ ಹಾಕಬೇಕು, ಹಾಕಿದರೆ ಸೋಮವಾರದ ಸ್ನಾನ ನಿಲ್ಲಬೇಕು. ಅತ್ತೆಯವರಿಗೆ ಇದನ್ನು ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದರೆ ಅವರೇ ಪರಿಹಾರ ಹೇಳಿದರು.

"ನೀರ ಆಗಬೇಕಂತ ಯಾರ ಹೇಳ್ಯಾರ? ಭಸ್ಮ ಸ್ನಾನ ಇಲ್ಲೇನು? ಹಣಿಗಿ ಒಂದ ಚಿಟಿಕಿ ಹಚ್ಚಿದ್ರ ಆತು. ನೀ ನಿನ್ನ ಔಷಧಾ ಹಾಕು, ಅವನ ಮಡಿ ನಾ ನೋಡಕೋತೇನಿ."

ನನಗೆ ಅತ್ತೆಯವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅವರ ಕೈ ತುಂಬ ನೊರೆ ಇತ್ತು, ಆದರೂ ಅಪ್ಪಿಕೊಂಡೆ.

ನಾಯಿಯ ಮೈ ಪೂರ್ತಿ ಒಣಗಿದ ಮೇಲೆ, ಡಾಕ್ಟರು ಹೇಳಿದ ದಿನ ಔಷಧಿ ಹಾಕಿದೆ. ಈ ಸಲ ಅದು ಕೆಲಸ ಮಾಡಿತು. ಉಣ್ಣಿ ಒಣಗಿ ಉದುರಿದವು. ಆದರೆ ದಿನವೂ ಮೈಮೇಲೆ ಹೊಸವು ಹತ್ತುತ್ತಿದ್ದವು. ಸತ್ತದ್ದಕ್ಕಿಂತ ಬರುವುದೇ ಹೆಚ್ಚು. ಡಾಕ್ಟರಿಗೆ ಫೋನ್ ಹಚ್ಚಿದೆ.

"ನಾಯಿ ಮೈಮೇಲಿರೋದು ಸ್ವಲ್ಪ ಮಾತ್ರ. ಮಿಕ್ಕವು ನಿಮ್ಮ ಮನೇಲೇ ಇವೆ. ರಕ್ತ ಕುಡಿದ ಮೇಲೆ ಇಳಿದು, ಗೋಡೆ ಸಂದಿನಲ್ಲಿ ಮೊಟ್ಟೆ ಇಡುತ್ತವೆ. ನಾಯಿ ಎಲ್ಲಿ ಮಲಗುತ್ತೆ?"

ಎಲ್ಲಿ ಮಲಗುತ್ತೆ ಎಂದು ನಿಮಗೂ ಗೊತ್ತು. ಆದರೆ ನಿಮಗೆ ಗೊತ್ತಿರದ ಸಂಗತಿ ಒಂದಿದೆ. ನಮ್ಮ ಮಾವನವರ ಮಗ್ಗ ಖಾಲಿ ಇರುವುದೇ ಇಲ್ಲ. ಒಂದು ಹಾಸು ಮುಗಿಯುತ್ತ ಬಂದಂತೆ ಅದರ ತುದಿಯ ಒಂದೊಂದು ನೂಲಿಗೂ ಹೊಸ ಹಾಸಿನ ಒಂದೊಂದು ನೂಲನ್ನು ಹೊಸೆದು ಕೂಡಿಸುತ್ತಾರೆ. ಹಳೆಯದರ ಬಾಲ ಹಿಡಿದು ಹೊಸದು ಬರುತ್ತದೆ. ಅವರ ಅಪ್ಪ ಹಾಗೆ ಮಾಡಿದರು, ಇವರು ಹಾಗೆ ಮಾಡಿದರು. ಖಾಲಿ ಮಗ್ಗ ಎಂದರೆ ಹಸಿದ ಮನೆ ಎಂದು ಅವರ ಲೆಕ್ಕ. ಮೇಲೆ ಹಾಸು ಇದ್ದಾಗ ಕುಣಿಗೆ ನೀರು, ಔಷಧಿ, ಸಿಮೆಂಟು ಏನೂ ತಾಗಿಸುವ ಹಾಗಿಲ್ಲ. ಹೀಗಾಗಿ ಆ ಕುಣಿಯನ್ನು ಕಟ್ಟಿದಂದಿನಿಂದ ಯಾರೂ ನೆಟ್ಟಗೆ ಸ್ವಚ್ಛ ಮಾಡಿದ್ದೇ ಇಲ್ಲ. ಊರಿನ ಉಣ್ಣಿಗಳಿಗೆ ಮಾವನವರ ವಂಶವೇ ಕಲ್ಲಿನ ವಾಡೆ ಕಟ್ಟಿಸಿಕೊಟ್ಟಿತ್ತು.

"ಮಾವಾರ, ಈ ಸಲಾ ನಾಕ ದಿನಾ ಮಗ್ಗ ಖಾಲಿ ಬಿಡ್ರಿ," ಎಂದೆ.

"ನನ್ನ ಹೆಣಾ ಎತ್ತಿದ ಮ್ಯಾಲ ಬಿಡವಾ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಮರುದಿನ ಅವರು ಮಧ್ಯಾಹ್ನದ ಊಟಕ್ಕೆ ಎದ್ದಾಗ, ಕತ್ತರಿ ಬಿದ್ದಿದೆ ಎಂದು ನೆವ ಹೇಳಿ ನಾನು ಕುಣಿಗೆ ಇಳಿದೆ. ಮೊಬೈಲಿನ ಬೆಳಕು ಬಿಟ್ಟೆ. ಕಲ್ಲಿನ ಸಂದುಗಳಲ್ಲಿ ಉಣ್ಣಿ ಸಾಸಿವೆ ಚೆಲ್ಲಿದ ಹಾಗೆ ತುಂಬಿದ್ದವು. ಬೆಳಕನ್ನು ಇನ್ನೂ ಒಳಗೆ ಬಿಟ್ಟೆ. ಹಲಗೆಯ ಹಿಂದಿನ ಗೂಡಿನಲ್ಲಿ ಒಂದು ಡಬ್ಬಿ ಕಂಡಿತು. ತೆಗೆದು ನೋಡಿದರೆ ಶೇಂಗಾ, ಚುರಮುರಿ, ಬೆಲ್ಲದ ಹೆಂಟೆಗಳು. ಅರ್ಧ ಕಡಿದ ಚಪಾತಿ ಕೂಡ ಇತ್ತು. ಹಿಂದೆ ನಿಂತಿದ್ದ ಹವಾಲ್ದಾರ ಡಬ್ಬಿಯ ಸಪ್ಪಳ ಕೇಳಿದ ಕೂಡಲೇ ಕುಳಿತು ಮುಂಗಾಲು ಎತ್ತಿ ಸಲಾಮು ಹೊಡೆದ. ಈ ವಿದ್ಯೆಯನ್ನು ನಾನಂತೂ ಕಲಿಸಿರಲಿಲ್ಲ.

ಡಬ್ಬಿಯನ್ನು ತಂದು ಊಟ ಮಾಡುತ್ತಿದ್ದ ಮಾವನವರ ತಟ್ಟೆಯ ಪಕ್ಕ ಇಟ್ಟೆ. ಅವರಿಗೆ ಸಕ್ಕರೆ ಕಾಯಿಲೆ, ಅತ್ತೆಯವರು ಮನೆಯ ಬೆಲ್ಲವನ್ನು ಬೀರುವಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು.

"ಇದೇನ್ರಿ?" ಎಂದರು ಅತ್ತೆಯವರು, ಬಹಳ ಮೆತ್ತಗೆ.

"ಅದು... ನಾಯಿಗೆ ಅಂತ ಇಟ್ಟಿದ್ದೆ."

"ನಾಯಿ ಬೆಲ್ಲಾ ತಿಂತೈತೇನು? ನಾಯಿ ಕಂಡ್ರ ಆಗೂದಿಲ್ಲ ಅಂದಾವ್ರು ನೀವ. ಅದನ್ನ ಕುಣಿಯಾಗ ಕರದು ಮಲಗಿಸಿದಾವ್ರೂ ನೀವ. ಈಗ ಊರ ಬಿಡಸಾಕ ಹೊಂಟಾವ್ರೂ ನೀವ!"

ಮಾವನವರು ಹವಾಲ್ದಾರನ ಕಡೆ ನೋಡಿದರು. ಆ ದ್ರೋಹಿ ಅವರಿಗೆ ಇನ್ನೊಂದು ಸಲಾಮು ಹೊಡೆದ. ಅವರ ಮುಖ ಸಣ್ಣದಾಯಿತು.

"ಒಬ್ಬಾವನ ದಿನಾಪೂರ್ತಿ ಕುಂತಿರ್ತೇನವಾ ಅಲ್ಲಿ," ಎಂದರು ನನಗೆ. "ಕಾಲಿಗೆ ಅದರ ಮೈ ತಾಗಿದ್ರ ಹೊತ್ತ ಹೋದದ್ದ ತಿಳಿಯೂದಿಲ್ಲ. ಮೈಬೂಬಸಾಬ ಆ ಬಟ್ಟಿ ತಂದು ಇಟ್ನಲ್ಲ, ಅವತ್ತ ನನಗ ಸಿಟ್ಟ ಬಂತು. ಯಾರ ಮ್ಯಾಲ ಹಾಕಬೇಕು? ಅದರ ಮ್ಯಾಲ ಹಾಕಿದೆ." ಡಬ್ಬಿಯನ್ನು ಅತ್ತೆಯವರ ಕಡೆ ಸರಿಸಿ, "ಮಗ್ಗ ಖಾಲಿ ಬಿಡ್ತೇನಿ. ಏನ್ ಮಾಡಬೇಕ ಮಾಡ್ರಿ," ಎಂದರು.

ಏನು ಮಾಡಿದೆವು ಎಂದು ಕೇಳುತ್ತೀರಾ? ದಂಡಯಾತ್ರೆ ಮಾಡಿದೆವು. ಹಾಸಿನ ತುದಿ ಬಂದ ದಿನ ಮಾವನವರು ಕೈಯಾರೆ ನೂಲು ಕತ್ತರಿಸಿ ಬಟ್ಟೆ ಇಳಿಸಿದರು. ಕತ್ತರಿಸುವ ಮೊದಲು ಮಗ್ಗಕ್ಕೆ ಕೈ ಮುಗಿದರು. ನೂಲು, ಹಾಸಿಗೆ, ಪಾತ್ರೆ ಎಲ್ಲ ಬೇರೆ ಕೋಣೆಗೆ ಸಾಗಿದವು. ನಮ್ಮ ಮನೆಯವರು ರಜೆ ಹಾಕಿ ಕುಣಿಗಿಳಿದು ಹಳೆಯ ಮಣ್ಣನ್ನೆಲ್ಲ ಕೆತ್ತಿ ತೆಗೆದರು. ಕುದಿಯುವ ನೀರು ಹೊಯ್ದೆವು. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಅಳತೆಯಂತೆ ಕಲಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಂದುಸಂದಿಗೂ ಹೊಡೆದೆವು. ಒಣಗುವ ತನಕ ಮಂದಿಗೂ ನಾಯಿಗೂ ಪ್ರವೇಶವಿಲ್ಲ. ಆಮೇಲೆ ಸಿಮೆಂಟು. ಅತ್ತೆಯವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಓಡಿಬಂದ ಉಣ್ಣಿಗಳನ್ನು ಸಾಬೂನು ನೀರಿಗೆ ಹಾಕುತ್ತ ಗಡಿ ಕಾಯುತ್ತಿದ್ದರು. ಮೊಟ್ಟೆ ಉಳಿದಿದ್ದರೆ ಮತ್ತೆ ಮರಿಯಾಗುತ್ತವೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು ಎಂದು ಡಾಕ್ಟರು ಹೇಳಿದ್ದಳು. ಆ ಎರಡನೆಯ ಸಲ ಹೊಡೆಯುವ ತನಕ ಹೊಸ ಹಾಸು ಏರಿಸುವುದಿಲ್ಲವೆಂದು ಮಾವನವರೇ ಹಟ ಹಿಡಿದರು. ನಾಲ್ಕು ದಿನ ಕೇಳಿದ್ದಕ್ಕೆ ಹೆಣದ ಮಾತು ಆಡಿದ್ದ ಮನುಷ್ಯ!

ಖಾಲಿ ಮಗ್ಗದ ಆ ದಿನಗಳಲ್ಲಿ ಅವರ ಕೈ ಸುಮ್ಮನಿರಲಾರದಾಯಿತು. ಚಿಗಟದ ಮೇಲೆ ಕಣ್ಣು ಬಿತ್ತು. ಮಗ್ಗದಲ್ಲಿ ನೂಲುಗಳನ್ನು ಒಂದೊಂದಾಗಿ ಬೇರೆ ಹಿಡಿಯುವ ಫಣಿ ಇರುತ್ತದಲ್ಲ, ಉದ್ದ ಬಾಚಣಿಗೆಯಂಥದು, ಅದರ ಹಳೆಯ ತುಂಡೊಂದನ್ನು ಅಟ್ಟದಿಂದ ಇಳಿಸಿ, ಒಂದು ಕಡೆಯ ಪಟ್ಟಿ ಕಿತ್ತು, ಹಲ್ಲುಗಳ ತುದಿ ಉಜ್ಜಿ ನಯ ಮಾಡಿದರು. ಮೊದಲು ರೇಷ್ಮೆಯ ಫಣಿ. ಅದರಲ್ಲಿ ಕೂದಲೇ ತೂರದೆ ಹವಾಲ್ದಾರ ಕುಂಯ್ಗುಟ್ಟಿ ಓಡಿದ. ಆಮೇಲೆ ಒರಟು ನೂಲಿನ ಫಣಿ. ಅದು ಸರಿಹೋಯಿತು. ಕೂದಲು ಜಾರುತ್ತದೆ, ಚಿಗಟ ಸಿಕ್ಕಿಬೀಳುತ್ತದೆ. ಬಿಳಿ ಪಂಚೆ ಹಾಸಿ, ನಾಯಿಯನ್ನು ಮಲಗಿಸಿ, ದಿನವೂ ಬೆಳಿಗ್ಗೆ ಬಾಚಿ, ಫಣಿಯನ್ನು ಸಾಬೂನು ನೀರಿಗೆ ಅದ್ದುವುದು ಅವರ ಹೊಸ ನೇಯ್ಗೆಯಾಯಿತು. ಪಂಚೆಯ ಮೇಲೆ ಉದುರುವ ಕರಿಚುಕ್ಕೆ ದಿನದಿನಕ್ಕೆ ಕಡಿಮೆಯಾಗಿ, ಒಂದು ಬೆಳಿಗ್ಗೆ ಪಂಚೆ ಹಾಸಿದ ಹಾಗೇ ಬೆಳ್ಳಗೆ ಉಳಿಯಿತು. ಅವರು ಅದನ್ನು ಕೊಡವಿ, ಬಾವುಟದಂತೆ ಎತ್ತಿ ಹಿಡಿದು ನನಗೆ ತೋರಿಸಿದರು. ನಾನು ಹವಾಲ್ದಾರನ ಕಿವಿ, ಕಂಕುಳು, ಕಾಲ್ಬೆರಳು, ಬಾಲದ ಬುಡ ಎಲ್ಲ ಹುಡುಕಿದೆ. ಹೊಲಿಗೆ ಯಂತ್ರದ ಸೂಜಿಗೆ ಕಣ್ಣು ಮುಚ್ಚಿ ದಾರ ಪೋಣಿಸುವವಳು ನಾನು, ನನ್ನ ಕಣ್ಣಿಗೆ ಒಂದೂ ಸಿಗಲಿಲ್ಲ. ಓಣಿಯಲ್ಲಿ ಪಟಾಕಿ ಹಚ್ಚಬೇಕೆನ್ನಿಸಿತು.

ಹೊಸ ಹಾಸು ಏರಿಸುವ ದಿನ ಬಂತು. ಮನೆಯಲ್ಲಿ ಹೋಳಿಗೆ. ಮಾವನವರು ಕುಣಿಗೆ ಹೂವೇರಿಸಿ, ಹೊಸ ನೂಲು ಪೋಣಿಸಿ ಮುಗಿಸಿ, ಇನ್ನೇನು ಕಾಲು ಇಳಿಬಿಡಬೇಕು, ಬಾಗಿಲಲ್ಲಿ ಬೈಕು ನಿಂತಿತು. ಕಮತಗಿಯ ಸಂಗಪ್ಪ ಮಾವ. ಕುರಿದೊಡ್ಡಿಯಿಂದ ನೇರ ಬಂದಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸರಪಳಿ. ಹೊಸ ಹಾಸು ಏರಿಸುವ ಸುದ್ದಿ ಯಾರಿಂದಲೋ ಕೇಳಿ, ಹಳೆಯ ಮಾತಿನಂತೆ ಬಂದಿದ್ದಾರೆ. ಬೇಡವೆಂದು ಹ್ಯಾಗೆ ಹೇಳುವುದೆಂದು ತಿಳಿಯದೆ ಮಾವನವರು ತಮ್ಮನಿಗೆ ಹೇಳಿಯೇ ಇರಲಿಲ್ಲ! ತಮ್ಮನಿಗೆ ಕೊಟ್ಟ ಮಾತು ಎಂದರೆ ಅವರಿಗೆ ಕಲ್ಲಲ್ಲಿ ಕೆತ್ತಿದ ಹಾಗೆ.

"ಅಣ್ಣಾ, ನಾಯಿ ಒಯ್ಯಾಕ ಬಂದೇನಿ. ನಿನಗ ಭಾಳ ಕಾಡತೈತಿ ಅಂದಿದ್ದಿಯಲ್ಲ," ಎಂದು ಹೊಸ್ತಿಲಿಗೆ ಕಾಲಿಟ್ಟರು.

"ಅಲ್ಲೇ ನಿಂದರು!" ಎಂದರು ಮಾವನವರು.

ಸಂಗಪ್ಪ ಮಾವ ಒಂದು ಕಾಲು ಎತ್ತಿದ ಹಾಗೇ ನಿಂತರು. ಮಾವನವರ ಕಣ್ಣು ತಮ್ಮನ ಕಂಬಳಿಯ ಮೇಲಿತ್ತು. ನನ್ನ ಕಣ್ಣೂ ಅಲ್ಲಿಗೆ ಹೋಯಿತು. ಕಂಬಳಿಯ ಅಂಚಿನಿಂದ ಅವರ ಕೊರಳ ಕಡೆಗೆ, ಯಾರ ಭಯವೂ ಇಲ್ಲದೆ, ಒಂದು ಉಣ್ಣಿ ನಡೆದು ಹೊರಟಿತ್ತು.

"ಗಿರಿಜಾ, ಹಿಡಿಯವಾ ಅದನ್ನ."

ಚಿಮಟ ನನ್ನ ಸೊಂಟದಲ್ಲೇ ಇತ್ತು. ಹಿಡಿದು ಸಾಬೂನು ನೀರಿನ ಬಟ್ಟಲಿಗೆ ಹಾಕಿದೆ. ಅತ್ತೆಯವರು ಕಂಬಳಿಯನ್ನು ಕೋಲಿನ ತುದಿಯಿಂದ ಎತ್ತಿ ಅಂಗಳದ ಬಿಸಿಲಿಗೆ ಎಸೆದರು. ಹವಾಲ್ದಾರ ಹೊಸ್ತಿಲ ಮೇಲೆ ಎದೆ ಸೆಟೆಸಿ ನಿಂತು ಒಂದೇ ಒಂದು ಸಲ ಬೊಗಳಿದ. ಏನು ನಡೆಯುತ್ತಿದೆ ಎಂದು ತಿಳಿಯದೆ ಸಂಗಪ್ಪ ಮಾವ ನಮ್ಮೆಲ್ಲರ ಮುಖ ನೋಡಿದರು.

"ಹಂಗಾರ... ನಾಯಿ?"

ಮಾವನವರು ಬಟ್ಟಲು ಎತ್ತಿ ತಮ್ಮನ ಕೈಗೆ ಕೊಟ್ಟರು.

"ಹವಾಲ್ದಾರ ಎಲ್ಲಿಗೂ ಬರೂದಿಲ್ಲ. ಈ ಮನ್ಯಾಗ ಹೊರಗಿಂದು ಅಂತ ಇದ್ದದ್ದು ಇದೊಂದ ಉಣ್ಣಿ ನೋಡು. ಕಮತಗಿದು. ಒಯ್ಯೂದಿದ್ರ ಇದನ್ನ ಒಯ್ಯಿ."